ಸಿಂಥಸೈಜರಿನ ವಿಷಾದ: ಕರುಣವೋ, ವಿಪ್ರಲಂಭವೋ?

ಕಳೆದ ತಿಂಗಳು ನಮ್ಮ ಸಾಹಿತ್ಯ ಕೂಟದಲ್ಲಿ ರಸಪ್ರಕ್ರಿಯೆಯ ಚರ್ಚೆ ನಡೆಯುತ್ತಿತ್ತು. ಮಾತು ಕಾವ್ಯದಿಂದ ಸಂಗೀತಕ್ಕೆ, ಸಂಗೀತದಿಂದ ಎಲೆಕ್ಟ್ರಾನಿಕ್ ವಾದ್ಯಗಳಿಗೆ ಹೊರಳಿದಾಗ ಗೆಳೆಯರೊಬ್ಬರು, "ಯಂತ್ರಕ್ಕೆ ಎಲ್ಲಾದರೂ ಅಳು ಬರುತ್ತೇನ್ರೀ?" ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ನಗು ಅಷ್ಟು ಸರಿ ಕಾಣಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲೇ ಒಬ್ಬರು ನಲವತ್ತು ವರ್ಷಗಳಿಂದ ಅಂಥ ಯಂತ್ರದ ಹಾಡುಗಳನ್ನು ಬಿಡದೆ ಕೇಳುತ್ತಿದ್ದಾರೆ. ಅವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಹಾಸನ ಜಿಲ್ಲೆಯವರು. 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ, ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸಕ್ಕೆ ಇಲ್ಲಿಗೆ ಬಂದರು. "ಎರಡು ವರ್ಷ ಇದ್ದು, ವರ್ಗ ಮಾಡಿಸಿಕೊಂಡು ಬಂದ್ಬಿಡ್ತೀನಿ" ಅಂತ ಅಪ್ಪನಿಗೆ, ಅಂದರೆ ನಮ್ಮ ತಾತನಿಗೆ, ಹೇಳಿ ಬಂದಿದ್ದರಂತೆ. ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ. ಜೊತೆಗೆ ಶಿಲ್ಲಾಂಗಿನ ಒಬ್ಬ ಗೆಳೆಯ. ಆ ಗೆಳೆಯ ವರ್ಗವಾಗಿ ಹೋಗುವಾಗ ಒಂದು ಕ್ಯಾಸೆಟ್ ಕೊಟ್ಟುಹೋದ. ಯಾರದೋ ಎಲ್ಪಿಯಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡದ್ದು. ಹಾಡುಗಳ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಮೇಲೆ "ಇಂಗ್ಲಿಷ್ 4" ಎಂದಷ್ಟೇ ಬರೆದಿದೆ. ಆ ಕ್ಯಾಸೆಟ್ ಇವತ್ತಿಗೂ ನೋಯ್ಡಾದ ನಮ್ಮ ಮನೆಯ ಬೀರುವಿನಲ್ಲಿದೆ. ಅದರಲ್ಲಿದ್ದ ಹಾಡುಗಳು ಯಾವುವೆಂದು ಅವರಿಗೆ ತಿಳಿದದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ.

ಹಾಗಾದರೆ ಇಷ್ಟು ವರ್ಷ ಅವರು ಕೇಳಿದ್ದು ಏನನ್ನು? ಈ ಪ್ರಶ್ನೆಯನ್ನು ನಮ್ಮ ಪಠ್ಯದ ರಸಸಿದ್ಧಾಂತದ ಜೊತೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

1. ಯಾವುದು ಈ ಸಂಗೀತ?

ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ವಾದ್ಯ ಸಿಂಥಸೈಜರ್. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತನ್ನ ಮೊದಲ ಮಾದರಿಯನ್ನು ತೋರಿಸಿದ. ಮುಂದೆ ಅದು ದೊಡ್ಡ ಬೀರುವಿನಂಥ ಯಂತ್ರವಾಗಿ ಬೆಳೆಯಿತು. 1970ರಲ್ಲಿ ಮಿನಿಮೂಗ್ ಎಂಬ ಚಿಕ್ಕ ವಾದ್ಯ ಬಂತು. ಜರ್ಮನಿಯ ಡ್ಯೂಸೆಲ್‌ಡಾರ್ಫಿನ ಕ್ರಾಫ್ಟ್‌ವರ್ಕ್ ತಂಡ 1974ರ 'ಆಟೋಬಾನ್', 1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್' ಧ್ವನಿಮುದ್ರಿಕೆಗಳಲ್ಲಿ ಯಂತ್ರದ ನಾದವನ್ನೇ ಜನಪ್ರಿಯ ಹಾಡಾಗಿ ಮಾಡಿತು. 1970ರ ದಶಕದ ಕೊನೆಗೆ ಈ ವಾದ್ಯಗಳ ಬೆಲೆ ಇಳಿಯಿತು. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಇಂಗ್ಲೆಂಡಿನ ಹುಡುಗರ ಕೈಗೂ ಬಂದವು. ಒಂದು ಬೆರಳಿನಲ್ಲಿ ನುಡಿಸಿದರೂ ಹಾಡು ಕಟ್ಟಬಹುದಿತ್ತು.

1979ರಲ್ಲಿ ಗ್ಯಾರಿ ನ್ಯೂಮನ್ನನ ಟ್ಯೂಬ್‌ವೇ ಆರ್ಮಿ ತಂಡದ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಮೇಲೆ ಅಲ್ಟ್ರಾವಾಕ್ಸ್, ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ (ಇದನ್ನು ಓಎಂಡಿ ಎನ್ನುತ್ತಾರೆ), ಡಿಪೆಷ್ ಮೋಡ್ ಮುಂತಾದ ತಂಡಗಳು ಹೆಸರಾದವು. ಇವೆಲ್ಲಕ್ಕೂ ಒಟ್ಟಾಗಿ ಸಿಂಥ್‌ಪಾಪ್ ಎಂದು ಹೆಸರು. ಕುಣಿಯುವ ಹಾಡುಗಳೂ ಇದರಲ್ಲಿ ಬೇಕಾದಷ್ಟಿವೆ. ನಮ್ಮ ಪ್ರಶ್ನೆ ಇರುವುದು ವಿಷಾದದ ಹಾಡುಗಳ ಬಗ್ಗೆ.

ಇದು ಪೂರ್ತಿ ಪರದೇಶದ ಕತೆ ಎಂದೂ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಲ್ಲಿ ಆಗ ಮಾಡಿದ ಪ್ರಯೋಗಗಳ ಟೇಪುಗಳು ದಶಕಗಳ ಕಾಲ ಮೂಲೆಯಲ್ಲಿದ್ದು, 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಮತ್ತೆ ಅಚ್ಚಾದಾಗ ಜಗತ್ತೆಲ್ಲ ಹುಡುಕಿ ಕೇಳಿತು.

2. ತಣ್ಣನೆಯ ನಾದದಲ್ಲಿ ಏನಿದೆ?

ಮೊದಲು ಕಿವಿಗೆ ಬೀಳುವುದನ್ನು ನೋಡೋಣ. ಆಗಿನ ಸಿಂಥಸೈಜರುಗಳು ಅನಲಾಗ್ ಯಂತ್ರಗಳು. ಅವುಗಳ ಶ್ರುತಿ ಕೋಣೆಯ ಶಾಖಕ್ಕೆ ತಕ್ಕಂತೆ ಸರಿದುಬಿಡುತ್ತಿತ್ತು. ಒಂದೇ ಸ್ವರವನ್ನು ಹಿಡಿದ ಎರಡು ನಾದಮೂಲಗಳು ಒಂದಕ್ಕೊಂದು ಕೂದಲೆಳೆಯಷ್ಟು ಬೇರೆಯಾದರೆ, ಆ ಎರಡರ ನಡುವೆ ಒಂದು ಅಲೆ ಏಳುತ್ತದೆ. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 441 ಸಲ ಕಂಪಿಸಿದರೆ, ಸೆಕೆಂಡಿಗೆ ಒಂದು ಸಲ ನಾದ ಏರಿ ಇಳಿದಂತೆ ಕೇಳುತ್ತದೆ. ನಮ್ಮ ತಂಬೂರಿಯ ಎರಡು ತಂತಿಗಳನ್ನು ಕೂಡಿಸುವಾಗ ಕೇಳುವ ಅಲೆಯೂ ಇದೇ. ಹಾಗಾಗಿ ಈ ಯಂತ್ರ ನಾವು ತಿಳಿದಷ್ಟು ಯಾಂತ್ರಿಕವಲ್ಲ; ಅದರ ನಾದ ಉಸಿರಾಡಿದಂತೆ ಇರುತ್ತದೆ.

ಎರಡನೆಯದು ತಾಳ. ತಾಳಯಂತ್ರ ದಣಿಯುವುದಿಲ್ಲ, ತಡವರಿಸುವುದೂ ಇಲ್ಲ. ಹಾಡುವವನ ಗಂಟಲು ಕಟ್ಟಿದರೂ ಅದು ಕಾಯದೆ ನಡೆಯುತ್ತದೆ. ಮನೆಯಲ್ಲಿ ಸಾವಾದ ದಿನವೂ ಗೋಡೆಯ ಗಡಿಯಾರ ನಡೆಯುತ್ತಿರುತ್ತದಲ್ಲ, ಹಾಗೆ.

ಮೂರನೆಯದು ದನಿ. ಈ ಗಾಯಕರು ಬಹುಪಾಲು ದೊಡ್ಡ ಗಾಯಕರಲ್ಲ. ಅವರು ಕೂಗುವುದಿಲ್ಲ, ಬಿಕ್ಕುವುದಿಲ್ಲ. ಪತ್ರ ಓದಿ ಹೇಳಿದಂತೆ ಹಾಡುತ್ತಾರೆ. ನಮ್ಮ ಚಲನಚಿತ್ರದ ಶೋಕಗೀತೆಯಲ್ಲಿ ಗಾಯಕನೇ ಅತ್ತು ಮುಗಿಸುವುದುಂಟು. ಆಗ ಕೇಳುವವನಿಗೆ ಕೆಲಸ ಉಳಿಯುವುದಿಲ್ಲ. ಇಲ್ಲಿ ದುಃಖದ ಸಾಮಗ್ರಿ ಇದೆ, ಅಳುವವರಿಲ್ಲ. ಆ ಖಾಲಿ ಜಾಗಕ್ಕೆ ಕೇಳುವವನು ತಾನೇ ಹೋಗಿ ಕೂರುತ್ತಾನೆ. ಆನಂದವರ್ಧನ ಹೇಳುವ ಧ್ವನಿಯ ಮರ್ಮಕ್ಕೆ ಇದು ಹತ್ತಿರವಾದದ್ದು: ಭಾವವನ್ನು ಹೆಸರಿಟ್ಟು ಹೇಳಿದರೆ ರಸವಾಗುವುದಿಲ್ಲ, ಅದು ಸೂಚಿತವಾಗಬೇಕು.

ಓಎಂಡಿ ತಂಡದ 1980ರ 'ಎನೋಲಾ ಗೇ' ಇದಕ್ಕೆ ಒಳ್ಳೆಯ ಉದಾಹರಣೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಹೆಸರು ಅದು. ಪೈಲಟ್ ತನ್ನ ತಾಯಿಯ ಹೆಸರನ್ನೇ ವಿಮಾನಕ್ಕೆ ಇಟ್ಟಿದ್ದ. ಆದರೆ ಹಾಡಿನ ಧಾಟಿ ಮಕ್ಕಳ ಆಟದ ಧಾಟಿಯಂತೆ ಲವಲವಿಕೆಯದು. ಪಲ್ಲವಿ ಬರಬೇಕಾದ ಜಾಗದಲ್ಲಿ ಮಾತೇ ಇಲ್ಲ. ಸಿಂಥಸೈಜರಿನ ಒಂದು ಸ್ವರಸಾಲು ಮಾತ್ರ ಇದೆ. ಹೇಳಲಾಗದ್ದು ಬಂದಾಗ ಹಾಡು ಬಾಯಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನ ವಿಷಯ ತಿಳಿಯದೆ ಅದಕ್ಕೆ ಕುಣಿದರು. ತಿಳಿದ ಮೇಲೆ ಅದೇ ಧಾಟಿ ಬೇರೆಯಾಗಿ ಕೇಳುತ್ತದೆ.

3. ಕರುಣ ಮತ್ತು ವಿಪ್ರಲಂಭ

ಈಗ ಪಾಠಕ್ಕೆ ಬರೋಣ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ನಾವೆಲ್ಲ ಪರೀಕ್ಷೆಗಾಗಿಯಾದರೂ ಓದಿದ್ದೇವೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸನಿಷ್ಪತ್ತಿ ಎಂಬುದು ಭರತನ ಸೂತ್ರ. ಕರುಣಕ್ಕೆ ಸ್ಥಾಯಿ ಶೋಕ. ವಿಪ್ರಲಂಭ ಶೃಂಗಾರಕ್ಕೆ ಸ್ಥಾಯಿ ರತಿ. ಆದರೆ ಹೊರಗೆ ಕಾಣುವ ಲಕ್ಷಣಗಳು ಎರಡರಲ್ಲೂ ಬಹಳಷ್ಟು ಒಂದೇ: ಚಿಂತೆ, ದೈನ್ಯ, ನಿದ್ದೆ ಬಾರದಿರುವುದು, ಮೈ ಸೊರಗುವುದು. ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ?

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತ ಇದಕ್ಕೆ ಒಂದೇ ಮಾತಿನ ಉತ್ತರ ಕೊಡುತ್ತಾನೆ. ಕರುಣ ನಿರಪೇಕ್ಷ, ವಿಪ್ರಲಂಭ ಸಾಪೇಕ್ಷ. ಅಂದರೆ ಕರುಣದಲ್ಲಿ ಮುಂದೆ ಏನನ್ನೂ ಎದುರು ನೋಡುವಂತಿಲ್ಲ, ಹೋದವರು ಹೋದರು. ವಿಪ್ರಲಂಭದಲ್ಲಿ ಇನ್ನೂ ನಿರೀಕ್ಷೆ ಇದೆ. ಬಾಗಿಲು ಮುಚ್ಚಿದೆ, ಆದರೆ ಅಗುಳಿ ಹಾಕಿಲ್ಲ.

ಸಿಂಥ್‌ಪಾಪಿನ ವಿಷಾದಗೀತೆಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ, ಅವು ಕರುಣವಲ್ಲ, ವಿಪ್ರಲಂಭದ ಜಾತಿಯವು ಎಂದು ನನಗೆ ಅನ್ನಿಸುತ್ತದೆ. ತಾಳ ನಿಲ್ಲುವುದಿಲ್ಲವಾದ್ದರಿಂದ ಹಾಡು ಎಲ್ಲಿಗೋ ಹೋಗುತ್ತಲೇ ಇರುತ್ತದೆ. ಸ್ವರಗಳನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಪಿಟೀಲಿನ ಕಮಾನು ಮುಗಿದಂತೆ, ಕೊಳಲಿನ ಉಸಿರು ಮುಗಿದಂತೆ ಅವು ಮುಗಿಯುವುದಿಲ್ಲ. ಕೊನೆಯಲ್ಲಿ ಎಷ್ಟೋ ಹಾಡುಗಳು ಮುಕ್ತಾಯ ಮಾಡದೆ ಮೆಲ್ಲಗೆ ದೂರ ಸರಿದುಹೋಗುತ್ತವೆ. ಇದು ಕಾಯುವವರ ಸಂಗೀತ.

4. ಬೆಂಗಳೂರಿನ ಒಬ್ಬ, ಕರಾಚಿಯ ಒಬ್ಬಳು

ನಮ್ಮ ದೇಶದ ಮನೆಮನೆಗೆ ಈ ನಾದವನ್ನು ತಂದವರಲ್ಲಿ ಮುಖ್ಯರು ಕೊಡವ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು. 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಅವರು 1974ರ 'ಕುಂಗ್ ಫೂ ಫೈಟಿಂಗ್' ಹಾಡಿನ ನಿರ್ಮಾಪಕರಾಗಿ ಹೆಸರಾದರು. 1980ರ 'ಕುರ್ಬಾನಿ' ಚಿತ್ರಕ್ಕೆ ಅವರು ಮಾಡಿದ 'ಆಪ್ ಜೈಸಾ ಕೋಯಿ' ಹಾಡನ್ನು ಹಾಡಿದವಳು ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್. ಆಗ ಅವಳಿಗೆ ಸುಮಾರು ಹದಿನೈದು ವರ್ಷ. 1981ರಲ್ಲಿ 'ಡಿಸ್ಕೋ ದೀವಾನೆ' ಬಂತು.

ಕುಣಿಯುವ ಹಾಡುಗಳೇ. ಆದರೂ ಗಮನ ಕೊಟ್ಟು ಕೇಳಿ. ದನಿ ಎಳೆಯದು, ಅಲಂಕಾರವಿಲ್ಲದ್ದು, ಸ್ವಲ್ಪ ದೂರದಲ್ಲಿ ನಿಂತು ಹಾಡಿದಂಥದ್ದು. ಒಂದೇ ದನಿಯನ್ನು ಎರಡು ಪದರವಾಗಿ ಕೂಡಿಸಿದಂತೆ ಕೇಳುತ್ತದೆ. ಹುಡುಗಿಯೊಬ್ಬಳು ತನ್ನ ನೆರಳಿನ ಜೊತೆ ಹಾಡಿಕೊಂಡಂತೆ. ನಾಜಿಯಾ 2000ದ ಆಗಸ್ಟ್ 13ರಂದು ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡಳು. ವಯಸ್ಸು 35. ಈಗ ಆ ಹಾಡು ಕೇಳುವವರು ಇದನ್ನು ಮರೆತು ಕೇಳಲಾರರು. ಕೃತಿ ಬದಲಾಗಲಿಲ್ಲ, ಸಹೃದಯನ ಅರಿವು ಬದಲಾಯಿತು; ರಸವೂ ಬದಲಾಯಿತು.

ದೆಹಲಿಗೆ ಇವೆಲ್ಲ ಬಂದದ್ದು ಮುಖ್ಯವಾಗಿ ಕ್ಯಾಸೆಟ್ಟಿನಲ್ಲಿ. ಕನಾಟ್ ಪ್ಲೇಸಿನ ನೆಲದಡಿಯ ಪಾಲಿಕಾ ಬಜಾರ್ ಕ್ಯಾಸೆಟ್ಟಿಗೆ ಹೆಸರಾದ ಜಾಗವಾಗಿತ್ತು. ದರಿಯಾಗಂಜಿನ ಗುಲ್ಶನ್ ಕುಮಾರ್ 1983ರಲ್ಲಿ ಕಟ್ಟಿದ ಕಂಪನಿ ನೋಯ್ಡಾದಲ್ಲಿ ಬೆಳೆದು ಕ್ಯಾಸೆಟ್ಟನ್ನು ಬಡವರ ಮನೆಗೂ ಮುಟ್ಟಿಸಿತು. ಎಲ್ಪಿ ಹಾಕಲು ದೊಡ್ಡ ಯಂತ್ರ ಬೇಕು. ಕ್ಯಾಸೆಟ್ಟನ್ನು ಒಂಟಿ ಕೋಣೆಯಲ್ಲಿ ಹಾಸಿಗೆ ಪಕ್ಕ ಇಟ್ಟುಕೊಂಡು ಕೇಳಬಹುದು. ಈ ಸಂಗೀತ ಒಂಟಿ ಕೋಣೆಗಳಲ್ಲಿ ಬೇರು ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

5. ಏಕೆ ಬಿಡದೆ ಕೇಳುತ್ತಾರೆ?

"ಹರೆಯದಲ್ಲಿ ಕೇಳಿದ್ದು, ಅದಕ್ಕೇ ಇಷ್ಟ" ಎನ್ನುವುದು ಸುಲಭದ ಉತ್ತರ. ಅರ್ಧ ನಿಜ ಕೂಡ. ರಸಾಸ್ವಾದಕ್ಕೆ ಸಹೃದಯನಲ್ಲಿ ವಾಸನೆ, ಅಂದರೆ ಒಳಗೆ ಉಳಿದ ಸಂಸ್ಕಾರ, ಇರಬೇಕೆಂದು ಅಭಿನವಗುಪ್ತನೂ ಹೇಳುತ್ತಾನೆ. ಆದರೆ ಹರೆಯದಲ್ಲಿ ಕೇಳಿದ್ದೆಲ್ಲ ಉಳಿಯುವುದಿಲ್ಲ. ಡಿಪೆಷ್ ಮೋಡ್ 1988ರ ಮಾರ್ಚ್ 7ರಂದು ಪೂರ್ವ ಬರ್ಲಿನ್ನಿನಲ್ಲಿ ಹಾಡಿತು. ಅಲ್ಲಿನ ಗೋಡೆ ಬಿದ್ದದ್ದು 1989ರ ನವೆಂಬರಿನಲ್ಲಿ. ಗೋಡೆಯ ಆಚೆಯ ಆ ಹುಡುಗ ಹುಡುಗಿಯರು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನಲ್ಲಿದ್ದಾರೆ, ಕೇಳುವುದನ್ನು ಬಿಟ್ಟಿಲ್ಲ. ತಂಡದ ಆಂಡಿ ಫ್ಲೆಚರ್ 2022ರಲ್ಲಿ ತೀರಿಕೊಂಡ ಮೇಲೂ ಉಳಿದಿಬ್ಬರು 2023ರಲ್ಲಿ ಹೊಸ ಹಾಡುಗಳನ್ನು ತಂದರು, ಕೇಳುವವರಿದ್ದರು. ಈ ಸಂಗೀತ ಹುಟ್ಟಿದಾಗ ಅದು ಬರಲಿರುವ ಕಾಲದ ನಾದವಾಗಿತ್ತು. ಬರಲಿರುವ ಕಾಲ ಬಂದು ಹಳೆಯದೂ ಆಯಿತು. ಅಂದುಕೊಂಡ ಹಾಗೆ ಬರಲಿಲ್ಲ. ನಾದ ಮಾತ್ರ ಇನ್ನೂ ಎದುರು ನೋಡುತ್ತಿದೆ.

ಇಷ್ಟು ಬರೆದು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಸಂಗತಿ ಹೇಳಿದರು. ನನಗೆ ಗೊತ್ತಿರಲಿಲ್ಲ.

1985ರ ಜನವರಿಯಲ್ಲಿ ಆಫೀಸಿಗೆ ಟೆಲಿಗ್ರಾಂ ಬಂತು. ರೈಲಿನಲ್ಲಿ ಎರಡು ರಾತ್ರಿ, ಆಮೇಲೆ ಬಸ್ಸು. ಊರು ಮುಟ್ಟುವ ಹೊತ್ತಿಗೆ ತಾತನ ಮಣ್ಣು ಮುಗಿದಿತ್ತು. ಮುಖ ನೋಡಲಾಗಲಿಲ್ಲ. ತಿಥಿ ಮುಗಿಸಿಕೊಂಡು ದೆಹಲಿಗೆ ವಾಪಸು ಬಂದರು. ಮಂಜು ಕವಿದ ರಾತ್ರಿ, ಕೋಣೆಯಲ್ಲಿ ಒಬ್ಬರೇ. ಆ ಕ್ಯಾಸೆಟ್ ಹಾಕಿದರು. ಅದರಲ್ಲೊಂದು ಹಾಡು, ಓಎಂಡಿಯ 1981ರ 'ಸೂವನಿಯರ್' ಎಂದು ಈಗ ನಮಗೆ ಗೊತ್ತು, ವೃಂದಗಾನದ ದನಿಯ ಟೇಪುಗಳ ಮೇಲೆ ಕಟ್ಟಿದ್ದು. ಅಲ್ಲಿ ಜನ ಹಾಡುತ್ತಿರುವುದು ಕೇಳುತ್ತದೆ, ಆದರೆ ಆ ದನಿಗಳಲ್ಲಿ ಮಾತಿಲ್ಲ.

"ಅಳು ಬಂತಾ ದೊಡ್ಡಪ್ಪ?" ಅಂತ ಕೇಳಿದೆ.

"ಇಲ್ಲ ಕಣೋ. ಅಪ್ಪ ಇನ್ನೂ ಊರಲ್ಲೇ ಇದಾರೆ ಅನ್ನಿಸ್ತು. ನಾನು ವರ್ಗ ಮಾಡಿಸ್ಕೊಂಡು ಬರ್ತೀನಿ ಅಂತ ಜಗಲಿ ಮೇಲೆ ಕೂತಿದಾರೆ ಅನ್ನಿಸ್ತು. ಅದಕ್ಕೇ ಅದನ್ನ ಮತ್ತೆ ಮತ್ತೆ ಹಾಕ್ತಿದ್ದೆ."

ಭರತನ ಲಕ್ಷಣ ನನಗೆ ನಿಜವಾಗಿ ಅರ್ಥವಾದದ್ದು ಆಗ. ವಿಪ್ರಲಂಭವೆಂಬುದು ಪ್ರಣಯಿಗಳಿಗೆ ಹೇಳಿದ ಮಾತು, ಅಪ್ಪ ಮಗನಿಗೆ ಹೇಳಿದ್ದಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ನಾನು ಎತ್ತಿಕೊಂಡದ್ದು ಸಾಪೇಕ್ಷ ಎಂಬ ಒಂದು ಲಕ್ಷಣವನ್ನು ಮಾತ್ರ. ಮುಗಿದುಹೋದ ಸಾವನ್ನು ಆ ಹಾಡು ಮುಗಿಯದ ಅಗಲಿಕೆಯಾಗಿ ಮಾಡಿಕೊಟ್ಟಿತು, ನಿರಪೇಕ್ಷವಾದದ್ದನ್ನು ಸಾಪೇಕ್ಷವಾಗಿಸಿತು. ಇದು ಅದರ ಶಕ್ತಿ. ಅದರ ದೋಷವೂ ಇದೇ ಇರಬಹುದು. ಅತ್ತು ಮುಗಿಸಬೇಕಾದ ದುಃಖವನ್ನು ಅದು ಮುಗಿಯಲು ಬಿಡಲಿಲ್ಲ. ದೊಡ್ಡಪ್ಪ ಕೊನೆಗೂ ವರ್ಗ ಮಾಡಿಸಿಕೊಳ್ಳಲಿಲ್ಲ, ಇಲ್ಲೇ ನಿವೃತ್ತರಾದರು. "ಹೋಗಿದ್ರೆ ಜಗಲಿ ಖಾಲಿ ಇರೋದು ನೋಡ್ಬೇಕಾಗಿತ್ತಲ್ಲ" ಅಂದರು.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಯಂತ್ರಕ್ಕೆ ಅಳು ಬರುವುದಿಲ್ಲ. ಅದು ಅಳದೆ ಇರುವುದರಿಂದಲೇ, ಅಳಲಾರದವರು ಅದರ ಪಕ್ಕ ಕೂರುತ್ತಾರೆ.

ಮುಂದಿನ ಕೂಟದ ಚರ್ಚೆಗೆ:

(1) ಮಾತು ಅರ್ಥವಾಗದ ಹಾಡಿನಲ್ಲಿ ವಿಭಾವ ಯಾವುದು? ಕೇಳುವವನ ಸ್ವಂತ ಬದುಕು ವಿಭಾವವಾದರೆ ಸಾಧಾರಣೀಕರಣ ಆಯಿತೆನ್ನಬಹುದೇ?

(2) ಇಳಯರಾಜರ ಸಂಗೀತವಿರುವ 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ ವಾದ್ಯಧಾಟಿ ಎಷ್ಟೋ ವರ್ಷದ ಮೇಲೆ ಮೊಬೈಲ್ ಜಾಹೀರಾತಿನಲ್ಲಿ ಬಂದು, ಕನ್ನಡವೇ ಬಾರದವರ ಬಾಯಲ್ಲೂ ಗುನುಗುವಂತಾಯಿತು. ಅಲ್ಲಿ ಉಳಿದದ್ದು ರಸವೋ, ಬರೀ ನೆನಪೋ?

(3) ದುಃಖವನ್ನು ಮುಗಿಯಗೊಡದ ಕಲೆ ಒಳ್ಳೆಯದೋ? ನಿಮ್ಮ ಮನೆಯ ಹಿರಿಯರೊಬ್ಬರನ್ನು, ಅವರು ಬಿಡದೆ ಕೇಳುವ ಹಾಡಿನ ಬಗ್ಗೆ, ಒಮ್ಮೆ ಕೇಳಿಕೊಂಡು ಬನ್ನಿ.