ಮೂರು ಗಾಲಿ, ನಾಲ್ಕು ತಾಲ್ಲೂಕು

ಹಳಿಯಾಳದಲ್ಲಿ ದೈಹಿಕ ಶಿಕ್ಷಕಿಯಾಗಿರುವ ನನಗೆ ಓಟವೇ ಹೊಟ್ಟೆಪಾಡು, ಓಟವೇ ಹುಚ್ಚು. ನನ್ನ ಇಬ್ಬರು ಮಕ್ಕಳೂ ಮೂರು ಗಾಲಿಯ ಸ್ಟ್ರೋಲರಿನಲ್ಲಿ ಕೂತು ಈ ಸೀಮೆಯ ರಸ್ತೆಗಳನ್ನು ನೋಡುತ್ತ ಬೆಳೆದವರು. ಈಗ ಬೆಳಿಗ್ಗೆ ಮೈದಾನಕ್ಕೆ ಬರುವ ಹೊಸ ತಾಯಂದಿರು, ದಾಂಡೇಲಿಯ ಪೇಪರ್ ಮಿಲ್ ಕ್ವಾರ್ಟರ್ಸಿನ ಗೆಳತಿಯರು, “ಟೀಚರ್, ಯಾವ ಗಾಡಿ ತಗೊಳ್ಳೂದ್ರಿ?” ಎಂದು ಕೇಳುತ್ತಾರೆ. ಒಂದು ಕಂಪನಿಯ ಹೆಸರು ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ನುಣ್ಣಗೆ ಓಡಿದ ಗಾಡಿ ಜೋಯಿಡಾದ ಕೆಂಪು ಕಂಕರಿನ ಮೇಲೆ ಹತ್ತು ಮಾರು ಹೋಗುವಷ್ಟರಲ್ಲಿ ಮಗುವನ್ನು ಅಳಿಸಿಬಿಡುತ್ತದೆ. ಅದಕ್ಕೇ ಅವರಿಗೆ ಹೇಳುವುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

1. ಮೂರು ಗಾಲಿ ಇದ್ದ ಮಾತ್ರಕ್ಕೆ ಅದು ಓಟದ ಗಾಡಿ ಆಗುವುದಿಲ್ಲ

ಮೊದಲು ತಿಳಿಯಬೇಕಾದದ್ದು ಇದೇ. ಮಡಚುವ ಹಗುರ ಗಾಡಿಯದೂ ಓಡಿಸುವ ಗಾಡಿಯದೂ ಬೇರೆ ಬೇರೆ ವಂಶ. ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್ ಎಂಬ ನಿವೃತ್ತ ವಿಮಾನ ಎಂಜಿನಿಯರ್ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚುವ ಗಾಡಿ ಮಾಡಿದ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಗಾಲಿಚೌಕಟ್ಟಿನ ಮೇಲೆ ಕೆಲಸ ಮಾಡಿದ್ದ ಕೈ ಅದು. ಆ ಗಾಡಿ ಮೂರು ಕಿಲೋ ಕೂಡ ತೂಗುತ್ತಿರಲಿಲ್ಲ. ಓಟದ ಗಾಡಿ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಯಾಕಿಮಾ ಊರಿನಲ್ಲಿ. ಫಿಲ್ ಬೇಕ್ಲರ್ ಎಂಬ ಪತ್ರಕರ್ತ ಮಗನನ್ನು ಕರೆದುಕೊಂಡು ಓಡಬೇಕೆಂದು ಸ್ಟ್ರೋಲರಿಗೆ ಸೈಕಲ್ ಗಾಲಿ ಜೋಡಿಸಿದ. ಒಬ್ಬನದು ಎತ್ತಿಕೊಂಡು ಹೋಗುವ ಚಿಂತೆ, ಇನ್ನೊಬ್ಬನದು ಓಡುವ ಚಿಂತೆ.

ಈಗ ಪೇಟೆಯಲ್ಲಿ ಇವೆರಡನ್ನೂ ಬೆರೆಸಿ ಮಾರುತ್ತಾರೆ. ಅಂಗೈಯಗಲದ ಪ್ಲಾಸ್ಟಿಕ್ ಗಾಲಿ ಮೂರು ಹಾಕಿ, ಚೂಪು ಮೂತಿ ಕೊಟ್ಟರೆ ನೋಡಲು ಓಟದ ಗಾಡಿಯಂತೆಯೇ ಕಾಣುತ್ತದೆ. ಯುರೋಪಿನ ಇಎನ್ 1888 ಮಾನಕದ ಪ್ರಕಾರ ಮಾಡಿದ ಗಾಡಿಯಾದರೆ, ಅದು ಓಟಕ್ಕೆ ತಕ್ಕದ್ದಲ್ಲದಿದ್ದಾಗ ಜೊತೆಯ ಪುಸ್ತಿಕೆಯಲ್ಲಿ ಹಾಗೆಂದು ಎಚ್ಚರಿಕೆ ಅಚ್ಚಾಗಿರುತ್ತದೆ. ದುಡ್ಡು ಕೊಡುವ ಮೊದಲು ಆ ಪುಸ್ತಿಕೆ ತೆಗೆಸಿ ಓದಿ. ಎಚ್ಚರಿಕೆ ಇದ್ದರೆ ಆ ಗಾಡಿ ಸಂತೆಗೆ, ದೇವಸ್ಥಾನಕ್ಕೆ, ಅಂಗನವಾಡಿಗೆ ಹೋಗಿಬರಲು ಸಾಕು. ಓಟಕ್ಕೆ ಬೇಡ.

2. ಮುಂದಿನ ಗಾಲಿಗೆ ಲಾಕ್ ಇರಲೇಬೇಕು

ದಿನಬಳಕೆಗೆ ಮುಂದಿನ ಗಾಲಿ ಅತ್ತಿತ್ತ ತಿರುಗಬೇಕು, ಇಲ್ಲದಿದ್ದರೆ ಕಿರಾಣಿ ಅಂಗಡಿಯ ಮೂಟೆಗಳ ನಡುವೆ ಗಾಡಿ ಹೊರಳಿಸಲು ಆಗದು. ಅದೇ ತಿರುಗುವ ಗಾಲಿ ವೇಗ ಹೆಚ್ಚಿದಾಗ ಥರಥರ ನಡುಗತೊಡಗುತ್ತದೆ. ಒಂದು ಕಲ್ಲು ತಾಗಿದರೆ ಸರಕ್ಕನೆ ಅಡ್ಡ ತಿರುಗಿ ಗಾಡಿಯನ್ನೇ ಕೆಡವಬಲ್ಲದು. ಹಾಗಾಗಿ ಓಡುವಾಗ ಅದನ್ನು ನೇರಕ್ಕೆ ನಿಲ್ಲಿಸಿ ಲಾಕ್ ಮಾಡಬೇಕು. ಲಾಕ್ ಮಾಡಿದ ಮೇಲೆ ತಿರುವಿನಲ್ಲಿ ಹಿಡಿಕೆಯನ್ನು ತುಸು ಕೆಳಗೆ ಒತ್ತಿ, ಮುಂದಿನ ಗಾಲಿಯನ್ನು ನೆಲದಿಂದ ಕೂದಲೆಳೆಯಷ್ಟು ಎತ್ತಿ, ಹಿಂದಿನ ಎರಡರ ಮೇಲೆ ತಿರುಗಿಸುವುದು. ಇದು ಕೈಗೆ ಕೂರುವವರೆಗೆ ಮಗುವಿನ ಬದಲು ಅಕ್ಕಿಚೀಲ ಇಟ್ಟು ಅಭ್ಯಾಸ ಮಾಡಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಲಿ ಲಾಕ್ ಮಾಡಿ, ಖಾಲಿ ಗಾಡಿಯನ್ನು ಸಮ ನೆಲದ ಮೇಲೆ ಮೆಲ್ಲಗೆ ತಳ್ಳಿ ಕೈಬಿಡಿ. ಸ್ವಲ್ಪ ದೂರಕ್ಕೇ ಒಂದು ಬದಿಗೆ ಎಳೆದರೆ ಗಾಲಿ ಸರಿಯಾಗಿ ಕೂತಿಲ್ಲ. ಒಳ್ಳೆಯ ಗಾಡಿಗಳಲ್ಲಿ ಅದನ್ನು ಹೊಂದಿಸುವ ತಿರುಪು ಇರುತ್ತದೆ. ಅಂಗಡಿಯವರಿಂದಲೇ ಹೊಂದಿಸಿಕೊಂಡು ಮತ್ತೊಮ್ಮೆ ತಳ್ಳಿ ನೋಡಿ.

ಗಾಲಿ ಕಳಚುವ ಲಿವರಿನ ವಿಷಯದಲ್ಲಂತೂ ನಾನು ಬಹಳ ಕಟ್ಟುನಿಟ್ಟು. ಲಿವರ್ ಎತ್ತಿದರೆ ಮುಂದಿನ ಗಾಲಿ ಪೂರಾ ಕೈಗೆ ಬರುವ ಮಾದರಿಗಳಿವೆ, ಕಾರಿನಲ್ಲಿಡಲು ಅನುಕೂಲ. ಆದರೆ ಅದು ಸರಿಯಾಗಿ ಬಿಗಿಯಾಗದೆ ಓಟದ ನಡುವೆ ಗಾಲಿ ಕಳಚಿ ತಾಯಂದಿರು, ಮಕ್ಕಳು ಗಾಯಗೊಂಡ ಪ್ರಕರಣಗಳ ಮೇಲೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2018ರಲ್ಲಿ ಬಾಬ್ ಎಂಬ ಹೆಸರಾಂತ ಗಾಡಿಗಳ ಕಂಪನಿಯ ವಿರುದ್ಧ ಮೊಕದ್ದಮೆಯನ್ನೇ ಹೂಡಿತ್ತು. ಪ್ರತಿ ಓಟಕ್ಕೆ ಮೊದಲು ಮುಂದಿನ ಗಾಲಿಯನ್ನು ಎತ್ತಿ, ಹಿಡಿದು ಅಲ್ಲಾಡಿಸಿ ನೋಡಿ. ಅರ್ಧ ನಿಮಿಷದ ಕೆಲಸ.

3. ಟ್ಯೂಬು ನಮ್ಮೂರ ಸೈಕಲ್ ಅಂಗಡಿಯಲ್ಲಿ ಸಿಗಬೇಕು

ಗಾಲಿಗಳಲ್ಲಿ ಎರಡು ಬಗೆ: ಗಾಳಿ ತುಂಬುವವು, ಗಟ್ಟಿ ಫೋಮಿನವು. ಫೋಮ್ ಗಾಲಿ ಪಂಕ್ಚರ್ ಆಗುವುದಿಲ್ಲವೆಂದು ಅಂಗಡಿಯವರು ಹೊಗಳುತ್ತಾರೆ, ನಿಜವೇ. ಆದರೆ ಹಳಿಯಾಳದಿಂದ ಹಳ್ಳಿಗಳಿಗೆ ಹೋಗುವ ರಸ್ತೆಗಳಲ್ಲಿ ಡಾಂಬರು ಎದ್ದು ಕಡಿ ಹೊರಬಂದ ಜಾಗಗಳೆಷ್ಟು! ಫೋಮ್ ಗಾಲಿಯಾದರೆ ಪ್ರತಿ ಕಡಿಯ ಪೆಟ್ಟೂ ಮಗುವಿನ ಬೆನ್ನಿಗೆ ಹೋಗುತ್ತದೆ. ಸ್ಪ್ರಿಂಗ್ ಇದ್ದರೂ ಗಾಳಿ ಗಾಲಿಯ ಮೆತ್ತನೆತನ ಬರುವುದಿಲ್ಲ. ಓಟಕ್ಕೆ ಗಾಳಿ ಗಾಲಿಯೇ ಸೈ.

ಅಳತೆ ಮುಂದೆ 12 ಇಂಚು, ಹಿಂದೆ 16 ಇಂಚು ಇರಲಿ. ಇನ್ನೂ ದೊಡ್ಡ 20 ಇಂಚಿನವು ಓಡಲು ಇನ್ನೂ ಹಗುರ, ಆದರೆ ಮನೆಯೊಳಗೆ ಇಡಲು ಜಾಗ ಬೇಕು. ನಾನು 12 ಮತ್ತು 16 ಎಂದು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಅವು ಚಿಕ್ಕ ಮಕ್ಕಳ ಸೈಕಲ್ಲಿನ ಅಳತೆಗಳು. ಹಬ್ಬದ ಮರುದಿನ ನಮ್ಮ ಗಾಡಿಯ ಹಿಂದಿನ ಗಾಲಿ ಚಪ್ಪಟೆಯಾದಾಗ ಪೇಟೆಯ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಚಾಚಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಸುತ್ತು ಹೊರಳಿಸಿ, ಗುಳ್ಳೆ ಎದ್ದಲ್ಲಿ ಹೆಬ್ಬೆರಳು ಒತ್ತಿ ಹಿಡಿದರು. ಆಮೇಲೆ ಟಯರಿನ ಒಳಮೈ ಮೇಲೆ ಬೆರಳಾಡಿಸುತ್ತ ಹೋಗಿ ಜಾಲಿಮುಳ್ಳಿನ ಮುರಿದ ತುದಿಯೊಂದನ್ನು ಕಿತ್ತು ನನ್ನ ಅಂಗೈಗಿಟ್ಟರು. “ಇದು ಒಳಗ ಉಳದಿದ್ರ ಹೊಸಾ ಟ್ಯೂಬ್ ಹಾಕಿದ್ರೂ ಸಂಜೀಗೆ ಮತ್ತ ಪಂಕ್ಚರ್ರಿ ಅಕ್ಕಾರ. ಇದಕ್ಕ ಸಣ್ಣ ಹುಡುಗರ ಸೈಕಲ್ ಟ್ಯೂಬೇ ನಡೀತೈತಿ, ಚಿಂತಿ ಮಾಡಬ್ಯಾಡ್ರಿ” ಎಂದರು. ಅಂದಿನಿಂದ ಗಾಡಿ ಕೊಳ್ಳುವವರಿಗೆಲ್ಲ ಟಯರಿನ ಬದಿಯಲ್ಲಿ ಅಚ್ಚಾದ ಅಳತೆ ಓದಲು ಹೇಳುತ್ತೇನೆ. ಆ ಅಳತೆ ನಿಮ್ಮೂರ ಸೈಕಲ್ ಅಂಗಡಿಯಲ್ಲಿ ಇಲ್ಲವೆಂದರೆ, ಒಂದು ಟ್ಯೂಬಿಗಾಗಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು.

ವಾಲ್ವ್ ಕೂಡ ನೋಡಿ. ವಿದೇಶಿ ಗಾಡಿಗಳಿಗೆ ಹೆಚ್ಚಾಗಿ ಬೈಕಿನ ಬಗೆಯ ವಾಲ್ವ್ ಇರುತ್ತದೆ. ಮನೆಯ ಹಳೆ ಸೈಕಲ್ ಪಂಪು ಅದಕ್ಕೆ ಹೊಂದದು, ಜೋಡಣೆಯ ತುಂಡು ಬೇಕು. ಚಿಕ್ಕ ಗಾಲಿಯ ಕಡ್ಡಿಗಳ ನಡುವೆ ಪಂಪಿನ ಬಾಯಿ ತೂರುವುದಿಲ್ಲ, ಬಾಗಿದ ವಾಲ್ವಿನ ಟ್ಯೂಬ್ ಸಿಕ್ಕರೆ ಅದನ್ನೇ ಹಾಕಿಸಿ. ಪೆಟ್ರೋಲ್ ಬಂಕಿನ ಗಾಳಿ ಬೇಡ. ಇಷ್ಟು ಪುಟ್ಟ ಟ್ಯೂಬು ಆ ಒತ್ತಡಕ್ಕೆ ಕ್ಷಣದಲ್ಲಿ ಒಡೆಯುತ್ತದೆ. ಎಷ್ಟು ಗಾಳಿ ಎಂಬುದು ಟಯರಿನ ಮೇಲೇ ಬರೆದಿರುತ್ತದೆ.

4. ‘ಕಾಂಪ್ಯಾಕ್ಟ್’ ಎಂಬುದನ್ನು ನಿಮ್ಮ ಬಾಗಿಲಲ್ಲಿ ಅಳೆಯಿರಿ

ವಿಮಾನದ ಸೀಟಿನ ಮೇಲಿನ ಖಾನೆಯಲ್ಲಿ ಇಡಬಹುದಾದಷ್ಟು ಪುಟ್ಟದಾಗಿ ಮಡಚುವ ಗಾಡಿಗಳ ಜಾಹೀರಾತು ನೋಡಿ ಅನೇಕರು ಮನಸೋಲುತ್ತಾರೆ. ಅಷ್ಟು ಪುಟ್ಟದಾಗಲು ಗಾಲಿಯೂ ಪುಟ್ಟದಾಗಲೇಬೇಕು, ಪುಟ್ಟ ಗಾಲಿಯಲ್ಲಿ ಓಟ ಆಗದು. ಓಟದ ಗಾಡಿ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ಕಿಲೋ ತೂಗುತ್ತದೆ. ಅದರಲ್ಲೇ ಚಿಕ್ಕದನ್ನು ಹುಡುಕಬೇಕು.

ನಮ್ಮ ಕಡೆ ಆ ಹುಡುಕಾಟಕ್ಕೆ ಮೂರು ಅಳತೆ. ಒಂದು, ವಾಯವ್ಯ ಸಾರಿಗೆ ಬಸ್ಸಿನ ಬಾಗಿಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊರಡುವುದು ಸಲೀಸಾಗಿದೆ, ಬಸ್ಸೂ ತುಂಬಿರುತ್ತದೆ. ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಿಂದ ಗಾಡಿ ಮಡಚಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ನೋಡಿ. ಎರಡು, ಆಟೊದ ಸೀಟಿನ ಹಿಂದಿನ ಜಾಗ. ಮೂರು, ಸಣ್ಣ ಕಾರಿನ ಡಿಕ್ಕಿ. ಸಿಎನ್‌ಜಿ ಸಿಲಿಂಡರ್ ಇದ್ದರೆ ಡಿಕ್ಕಿಯ ಅರ್ಧ ಹೋಯಿತೆಂದೇ ತಿಳಿಯಿರಿ. ಮಡಚಿದ ಗಾಡಿಯ ಉದ್ದಗಲವನ್ನು ಗಾಲಿ ಸಮೇತ ಅಳೆಯಿರಿ. ಡಬ್ಬಿಯ ಮೇಲಿನ ಅಳತೆ ಕೆಲವೊಮ್ಮೆ ಗಾಲಿ ಕಳಚಿದ್ದಾಗಿನದು.

ಬಸ್ಸಿನಲ್ಲೇ ಹೆಚ್ಚು ಓಡಾಡುವ, ಓಟ ಅಪರೂಪಕ್ಕೆ ಎನ್ನುವ ಮನೆಗೆ ನಾನು ಮೂರು ಗಾಲಿಯದನ್ನು ಕೊಳ್ಳಿ ಎನ್ನುವುದೇ ಇಲ್ಲ. ಹಗುರವಾದ ಛತ್ರಿ ಗಾಡಿ ಕೊಂಡು, ಓಡುವ ಹೊತ್ತಿಗೆ ಮಗುವನ್ನು ಅಜ್ಜಿಯ ಹತ್ತಿರ ಬಿಡುವುದು ಮೇಲು.

5. ಮಗುವಿನ ಕತ್ತು, ತಾಯಿಯ ಸೊಂಟ

ಕತ್ತು ನಿಲ್ಲದ ಮಗುವನ್ನು ಕೂರಿಸಿ ಓಡುವಂತಿಲ್ಲ. ಹೆಚ್ಚಿನ ತಯಾರಕರು ಕನಿಷ್ಠ ಆರು ತಿಂಗಳು ಎನ್ನುತ್ತಾರೆ, ಕೆಲವರು ಎಂಟು. ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಹೂಂ ಎಂದ ಮೇಲೆ ಶುರು ಮಾಡಿ. ಅಲ್ಲಿಯವರೆಗೆ ಪೂರಾ ಮಲಗಿಸಬಹುದಾದ ಸೀಟಿದ್ದರೆ ನಡಿಗೆಗೆ ಅಡ್ಡಿಯಿಲ್ಲ.

ತಾಯಿಯದೂ ಅಷ್ಟೇ ಮುಖ್ಯ, ಅದನ್ನು ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಹೊರತಂದ ಮಾರ್ಗಸೂಚಿ ಹೆರಿಗೆಯಾದ ಮೂರು ತಿಂಗಳೊಳಗೆ ಓಟ ಬೇಡವೆನ್ನುತ್ತದೆ. ನಮ್ಮಲ್ಲಿ ತವರಿನ ಬಾಣಂತನ ಮುಗಿಸಿ ಬರುವ ಹೊತ್ತಿಗೆ ಹೇಗೂ ಅಷ್ಟಾಗಿರುತ್ತದೆ. ಕೆಮ್ಮಿದರೆ ಮೂತ್ರ ತಟಕ್ಕೆನ್ನುವುದು, ಕೆಳಹೊಟ್ಟೆ ಜಗ್ಗಿದಂತಾಗುವುದು ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಗಾಡಿ ಕಾಯುತ್ತದೆ.

6. ಕೌದಿ ಬೆಲ್ಟಿನ ಅಡಿಗೆ ಬೇಡ, ಮೇಲಕ್ಕೆ ಇರಲಿ

ಭುಜಕ್ಕೆರಡು, ಸೊಂಟಕ್ಕೆರಡು, ಕಾಲ ನಡುವೆ ಒಂದು: ಐದು ಕಡೆ ಹಿಡಿಯುವ ಬೆಲ್ಟ್ ಇಲ್ಲದ ಗಾಡಿಯನ್ನು ನೋಡಲೇ ಬೇಡಿ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ ಹೊಲಿಯುವ ಕೌದಿಗಳು ಈಗ ದೂರದ ದೇಶದ ಪ್ರದರ್ಶನಗಳಲ್ಲೂ ಕಾಣಿಸಿಕೊಂಡಿವೆ. ನನ್ನ ಮಗಳಿಗೂ ಅಂಥ ಒಂದು ಪುಟ್ಟ ಕೌದಿ ಉಡುಗೊರೆ ಬಂತು. ನಾಲ್ಕು ಮೂಲೆಗೆ ಸೇರಿಸಿದ ಬಣ್ಣದ ತುಂಡುಗಳಿಗೆ ಅವರು ಫುಲಾ ಎನ್ನುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗದು. ಬೆಚ್ಚಗಿರಲೆಂದು ಅದನ್ನು ಮಗುವಿನ ಬೆನ್ನಿಗೆ ಹಾಸಿ ಮೇಲೆ ಬೆಲ್ಟ್ ಬಿಗಿಯುವುದು ಎಲ್ಲರಿಗೂ ಸಹಜವಾಗಿ ತೋಚುತ್ತದೆ. ಆದರೆ ದಪ್ಪ ಹಾಸು ಕುಲುಕಾಟಕ್ಕೆ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ, ಮಗು ಕೆಳಕ್ಕೆ ಜಾರುತ್ತದೆ. ಮೊದಲು ಬೆಲ್ಟ್, ಅದರ ಮೇಲೆ ಮೊಣಕಾಲಿಗೆ ಕೌದಿ. ಅಂಚು ಗಾಲಿಗೆ ಸಿಗದಂತೆ ಒಳಕ್ಕೆ ಸಿಕ್ಕಿಸಿ.

7. ಕೈಯ ಪಟ್ಟಿ

ಹಿಡಿಕೆಯಿಂದ ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನು ಪ್ರತಿ ಸಲ ಕಟ್ಟಿಕೊಳ್ಳಿ. ನೀವು ಮುಗ್ಗರಿಸಿದರೂ ಗಾಡಿ ಇಳಿಜಾರಿಗೆ ಓಡದು. ಕೈಬ್ರೇಕ್ ಇದ್ದರೆ ಒಳ್ಳೆಯದು. ಹಿಡಿಕೆಗೆ ತರಕಾರಿ ಚೀಲ ನೇತುಹಾಕಬೇಡಿ, ಗಾಡಿ ಹಿಮ್ಮುಖ ಮಗುಚುತ್ತದೆ. ರೋಡ್ ಹಂಪ್ ಬಂದಾಗ ನಡಿಗೆಗೆ ಇಳಿದು ನೇರವಾಗಿ ದಾಟಿಸಿ. ಓರೆಯಾಗಿ ಹೋದರೆ ಮೂರು ಗಾಲಿಯದು ಪಕ್ಕಕ್ಕೆ ವಾಲುತ್ತದೆ.

8. ಎಲ್ಲಿ ಓಡುವುದು, ಎಲ್ಲಿ ಓಡದಿರುವುದು

ದಾಂಡೇಲಿಯಲ್ಲಿ ಬಂಗೂರನಗರದ ಒಳರಸ್ತೆಗಳು ನನಗೆ ಇಷ್ಟ: ನೆರಳಿದೆ, ಲಾರಿಗಳ ಕಾಟ ಕಡಿಮೆ. ಹಳಿಯಾಳದಲ್ಲಿ ಮೈದಾನ. ಮುಂಡಗೋಡಿನ ಟಿಬೆಟನ್ ಕ್ಯಾಂಪುಗಳ ನಡುವಿನ ರಸ್ತೆಗಳು ಗೋವಿನಜೋಳದ ಹೊಲಗಳ ಮಧ್ಯೆ ಉದ್ದಕ್ಕೆ ಸಾಗುತ್ತವೆ, ಏರಿಳಿತ ಹೆಚ್ಚಿಲ್ಲ. 1966ರಲ್ಲಿ ನೆಲೆ ನಿಂತ ಆ ಜನರ ಅಜ್ಜಿಯರು ಮೊಮ್ಮಕ್ಕಳನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಸಂಜೆ ಪ್ರದಕ್ಷಿಣೆಗೆ ಹೋಗುವುದನ್ನು ನೋಡಿಯೇ, ಗಾಡಿ ಹೋಗದ ಜಾಗಕ್ಕೆ ಏನು ಮಾಡಬೇಕೆಂಬುದು ನನಗೆ ಹೊಳೆದದ್ದು. ಗಾಡಿಯ ಬುಟ್ಟಿಯಲ್ಲಿ ಒಂದು ಹಳೆ ಕಾಟನ್ ಸೀರೆ ಯಾವತ್ತೂ ಇರಲಿ.

ಜೋಯಿಡಾದಲ್ಲಿ ಬಹುಪಾಲು ಆ ಸೀರೆಯೇ ಗತಿ. ಗಣೇಶಗುಡಿ, ಕುಂಬಾರವಾಡ, ಅಣಶಿಯ ರಸ್ತೆಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ ಹಾಯುತ್ತವೆ. ಬೆಳಕು ಹರಿಯುವ ಮುಂಚೆ, ಮುಸ್ಸಂಜೆಯಲ್ಲಿ ಕಾಡುಕೋಣ, ಕರಡಿ ರಸ್ತೆಗೆ ಬರುವ ಹೊತ್ತಿನಲ್ಲಿ ಮಗುವನ್ನು ಮುಂದಿಟ್ಟುಕೊಂಡು ಓಡುವುದು ಯಾವ ಕಾರಣಕ್ಕೂ ಕೂಡದು. ಬೇಸಿಗೆಯಲ್ಲಿ ಗಾಡಿಯನ್ನು ಒಣ ದರಗಿನ ಮೇಲೆ ನಿಲ್ಲಿಸಲೂ ಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಇದೆ, ಅದನ್ನು ಹರಡುವ ಉಣುಗು ಇರುವುದೇ ಆ ದರಗಿನಲ್ಲಿ. ಗಾಡಿಯ ಬುಟ್ಟಿ ನೆಲಕ್ಕೆ ಎಷ್ಟು ಹತ್ತಿರವೆಂದು ಒಮ್ಮೆ ಬಗ್ಗಿ ನೋಡಿ.

9. ಬಿಸಿಲು, ಮಳೆ

ಬಿಸಿಲೆಂದು ಗಾಡಿಯ ಬಾಯಿಗೆ ಒಣ ಟವೆಲ್ ಇಳಿಬಿಡುವುದನ್ನು ಎಲ್ಲ ಕಡೆ ನೋಡುತ್ತೇನೆ, ಪ್ರತಿ ಸಲ ಹೋಗಿ ತೆಗೆಸುತ್ತೇನೆ. ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು ಅಳೆದು ನೋಡಿದ್ದಾರೆ: ಒಣ ಬಟ್ಟೆ ಒಳಗಿನ ಬಿಸಿಯನ್ನು ಹೆಚ್ಚಿಸಿತು, ಒದ್ದೆ ಮಾಡಿದ ತೆಳು ಬಟ್ಟೆ ಇಳಿಸಿತು. ಗಾಡಿಯ ಮೇಲ್ಚಾವಣಿಯೇ ಮಗುವಿನ ಮೊಣಕಾಲಿನವರೆಗೆ ಬರುವಂತಿದ್ದು, ಹಿಂದೆ ಜಾಳಿಗೆಯ ಕಿಂಡಿ ಇರುವುದನ್ನು ಆರಿಸಿ. ಏಪ್ರಿಲ್‌ನಲ್ಲಿ ಏಳು ಗಂಟೆಯೊಳಗೆ ಓಟ ಮುಗಿಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಹಿಡಿದ ರಸ್ತೆಯಲ್ಲಿ ನಾನು ಗಾಡಿ ತಳ್ಳಿ ಓಡುವುದಿಲ್ಲ, ನಡೆಯುತ್ತೇನೆ. ಸೀಟಿನ ಬಟ್ಟೆ ಬಿಚ್ಚಿ ಒಗೆಯುವಂತಿರಬೇಕು, ಇಲ್ಲದಿದ್ದರೆ ಆಷಾಢದಲ್ಲಿ ಬೂಸು ಹಿಡಿದು ವಾಸನೆ ಹೋಗುವುದೇ ಇಲ್ಲ. ಒದ್ದೆ ಗಾಡಿಯನ್ನು ಮಡಚಿಡಬೇಡಿ.

10. ಹಳೆಯದನ್ನು ಕೊಳ್ಳುವಾಗ

ಹೊಸದರ ಬೆಲೆ ನಮ್ಮ ಎಷ್ಟೋ ಮನೆಗಳಿಗೆ ಎಟುಕದು, ಒಬ್ಬರಾದ ಮೇಲೆ ಒಬ್ಬರು ಬಳಸುವುದೇ ಸರಿ. ನನ್ನ ಗಾಡಿ ಈಗ ದಾಂಡೇಲಿಯಲ್ಲಿ ಇನ್ನೊಂದು ಮಗುವಿನ ಹತ್ತಿರ ಇದೆ. ಕೊಡುವ ಮುನ್ನ ನಾವಿಬ್ಬರೂ ಕೂತು ನೋಡಿದ್ದು ಇಷ್ಟು: ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕು, ಮಡಚುವ ಕೀಲಿನಲ್ಲಿ ಆಟ, ಬೆಲ್ಟಿನ ಹೊಲಿಗೆ, ಬಕಲ್ ಟಕ್ಕೆಂದು ಕೂರುವುದು, ಕಾಲುಬ್ರೇಕ್ ಹಾಕಿದಾಗ ಎರಡೂ ಗಾಲಿ ನಿಲ್ಲುವುದು, ಟಯರಿನ ಬದಿಯ ಸೀಳು. ಹಿಂದಿನ ಟಯರೊಂದು ಸೀಳಿತ್ತು, ಬದಲಾಯಿಸಿಯೇ ಕೊಟ್ಟೆ. ಬೆಲ್ಟ್ ಸವೆದಿದ್ದರೆ ಮಾತ್ರ ದರ್ಜಿಯ ಹತ್ತಿರ ಹೊಲಿಸಬೇಡಿ. ಕಂಪನಿಯದೇ ಹೊಸ ಬೆಲ್ಟ್ ಸಿಕ್ಕರೆ ಹಾಕಿಸಿ, ಸಿಗದಿದ್ದರೆ ಆ ಗಾಡಿಯನ್ನು ಸಾಮಾನು ಸಾಗಿಸಲು ಇಟ್ಟುಕೊಳ್ಳಿ.