ರಾಯಣ್ಣನ ತಪ್ಪು, ರಾಯಣ್ಣನ ಧೈರ್ಯ

ಜನವರಿ 26ಕ್ಕೆ ನಾವೆಲ್ಲ ಬೆಳಗಾವಿಯ ಕಾಲೇಜ್ ಗ್ರೌಂಡಲ್ಲಿ ಧ್ವಜಕ್ಕೆ ಸೆಲ್ಯೂಟ್ ಹೊಡೆದು, ಲಾಡು ತಿಂದು ಹಾಸ್ಟೆಲ್‌ಗೆ ವಾಪಸ್ ಬರುತ್ತೇವೆ. 1831ರ ಅದೇ ದಿನ, ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಈ ಸಲ ನಾವು ನಾಲ್ಕೈದು ಜನ ಬಸ್ ಹಿಡಿದು ಅಲ್ಲಿಗೆ ಹೋದೆವು. ಆಲದ ಮರದ ಕೆಳಗೆ ಕೂತಾಗ ನಮ್ಮಲ್ಲೊಬ್ಬ ಕೇಳಿದ: "ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟವನನ್ನ ನಾವು ಯಾಕೆ ಮೆಚ್ಚಬೇಕು?" ಎಲ್ಲರೂ ನಕ್ಕೆವು. ಆಮೇಲೆ ಉತ್ತರ ಯಾರಿಗೂ ಹೊಳೆಯಲಿಲ್ಲ.

ಮೊದಲು ಇತಿಹಾಸ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರು ಗೆದ್ದಿತು, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಕಿತ್ತೂರಿನ ಪರ ಹೋರಾಡಿದ್ದ ರಾಯಣ್ಣ ಸುಮ್ಮನೆ ಮನೆ ಸೇರಬಹುದಿತ್ತು. ಸೇರಲಿಲ್ಲ. ಜನ ಕಟ್ಟಿಕೊಂಡು, ಕಾಡಲ್ಲಿ ಅಡಗಿ, ಗೆರಿಲ್ಲಾ ಯುದ್ಧ ಶುರು ಮಾಡಿದ. ಖಾನಾಪುರ ಸೀಮೆಯ ಬೀಡಿಯ ಕಚೇರಿ ಸುಟ್ಟ. ಖಜಾನೆ ಲೂಟಿ ಮಾಡಿದ. 1830ರ ಏಪ್ರಿಲ್‌ನಲ್ಲಿ ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು.

ಕಚೇರಿಯನ್ನೇ ಯಾಕೆ ಸುಡಬೇಕು? ಕಂದಾಯದ ಲೆಕ್ಕ ಇರೋದು ಅಲ್ಲೇ. ಯಾರ ಹೊಲ ಎಷ್ಟು, ಯಾರು ಎಷ್ಟು ಕಟ್ಟಬೇಕು, ಎಲ್ಲ ಆ ದಫ್ತರದಲ್ಲಿ. ಬ್ಯಾಕಪ್ ಇಲ್ಲದ ಡೇಟಾಬೇಸ್ ಇದ್ದ ಹಾಗೆ. ಅದು ಹೋದರೆ ಕಂಪನಿಗೆ ವಸೂಲಿ ಕಷ್ಟ. ಪ್ಲ್ಯಾನ್ ಒಳ್ಳೆಯದೇ. ಆದರೆ ಅದೇ ಕಾಗದದಲ್ಲಿ ಬಡ ರೈತನ ಹೊಲಕ್ಕೂ ಸಾಕ್ಷಿ ಇದ್ದಿರಬಹುದಲ್ಲ? ಬೆಂಕಿ ಹೆಸರು ನೋಡಿ ಸುಡುವುದಿಲ್ಲ.

ಇನ್ನೊಂದು ಮಾತು. ರಾಯಣ್ಣ ಹೋರಾಡಿದ್ದು ಕಿತ್ತೂರಿನ ದತ್ತುಪುತ್ರನನ್ನು ಸಿಂಹಾಸನದ ಮೇಲೆ ಕೂರಿಸೋದಕ್ಕೆ. ನಾವು ಜನವರಿ 26ಕ್ಕೆ ಆಚರಿಸೋದು ರಾಜನೇ ಇಲ್ಲದ ದೇಶವನ್ನ. ಅವನ ಕನಸು, ನಮ್ಮ ಕನಸು ಒಂದೇ ಅಂದರೆ ಸುಳ್ಳಾಗುತ್ತದೆ.

ಹಾಗಾದರೆ ಮೆಚ್ಚುವುದು ಏನನ್ನ? ನಾವು ಸಾಮಾನ್ಯವಾಗಿ ಎರಡೇ ಕೆಲಸ ಮಾಡುತ್ತೇವೆ: ಪ್ರತಿಮೆಗೆ ಹಾರ ಹಾಕುತ್ತೇವೆ, ಇಲ್ಲ ಮೀಮ್ ಮಾಡುತ್ತೇವೆ. ಮೂರನೇ ದಾರಿಯೂ ಇದೆ. ಅವನು ಮಾಡಿದ್ದೆಲ್ಲ ಸರಿ ಅನ್ನದೆಯೂ ಮೆಚ್ಚಬಹುದು. ಸರಿ ಅನಿಸಿದ್ದಕ್ಕೆ ಬೆಲೆ ಕೊಡಬೇಕಾದಾಗ ಅವನು ತನ್ನ ಜೀವವನ್ನೇ ಕೊಟ್ಟ. ಗೆಲ್ಲುವ ಲೆಕ್ಕ ಹಾಕಿದ್ದರೆ 1824ರಲ್ಲೇ ಕೈಬಿಡುತ್ತಿದ್ದ.

ವಾಪಸ್ ಬರುವಾಗ ಬಸ್ಸಲ್ಲಿ ನಮಗೆ ಹೋದ ಸೆಮಿಸ್ಟರಿನ ಲ್ಯಾಬ್ ನೆನಪಾಯಿತು. ರೀಡಿಂಗ್ ತಪ್ಪು ಬಂದಿತ್ತು. ಗ್ರಾಫ್ ನೇರ ಬರಲಿ ಅಂತ ಎಲ್ಲರೂ ನಂಬರ್ ತಿದ್ದಿದೆವು. ಸರಿಯಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನಿಜ ಹೇಳಿದ್ದರೆ ಹೋಗುತ್ತಿದ್ದದ್ದು ಎರಡು ಮಾರ್ಕ್ಸ್. ನಮ್ಮಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ರಾಯಣ್ಣನ ತಪ್ಪುಗಳನ್ನ ಪಟ್ಟಿ ಮಾಡೋದು ನಮಗೆ ಸುಲಭ. ಮುಂದಿನ ಲ್ಯಾಬಲ್ಲಿ ತಪ್ಪು ರೀಡಿಂಗನ್ನ ಇದ್ದ ಹಾಗೇ ಬರೆಯೋಣ ಅಂತ ಮಾತಾಡಿಕೊಂಡಿದ್ದೇವೆ. ನೋಡೋಣ.