ಎಐಗೆ ಕೇಳುವ ಮುಂಚೆ ನೋಟ್‌ಬುಕ್ಕಲ್ಲಿ ಬರೆಯಿರಿ


2022ರ ನವೆಂಬರ್ 30ರಂದು ಓಪನ್‌ಎಐ ಕಂಪನಿಯವರು ಚಾಟ್‌ಜಿಪಿಟಿ ಬಿಟ್ಟರು. ಆಮೇಲೆ ಗೂಗಲ್‌ನವರ ಜೆಮಿನಿ ಬಂತು. ಎರಡಕ್ಕೂ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲದೆಯೂ ಬಳಸಬಹುದು. ಆದರೆ ಪುಕ್ಕಟೆಗೆ ಮಿತಿ ಇದೆ. ಜಾಸ್ತಿ ಕೇಳಿದರೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅನ್ನುತ್ತೆ. 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯವರು ಭಾರತದಲ್ಲಿ ತಿಂಗಳಿಗೆ 399 ರೂಪಾಯಿಯ ಯೋಜನೆ ತಂದರು. ನಮ್ಮ ಮನೆಗಳಲ್ಲಿ 399 ರೂಪಾಯಿ ಸಣ್ಣ ದುಡ್ಡೇನಲ್ಲ! ಕೇಳೋದು ಸರಿಯಾಗಿ ಗೊತ್ತಿದ್ರೆ ನಮ್ಮ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ? ರಾಶಿ ರಾಶಿ ಬರಹ ಓದಿಸಿ ಇದನ್ನು ಪಳಗಿಸಿರುತ್ತಾರೆ. ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕುತ್ತಾ ಒಂದೊಂದೇ ತುಣುಕು ಜೋಡಿಸುತ್ತದೆ. ನಾವು ಹೇಳದೆ ಬಿಟ್ಟಿದ್ದನ್ನು ತಾನೇ ಊಹಿಸಿ ತುಂಬುತ್ತದೆ. ಊಹೆ ತಪ್ಪಾದರೂ ಮಾತು ಮಾತ್ರ ಜೋರು.

ಉದಾಹರಣೆಗೆ, "ಬೀದಿದೀಪಕ್ಕೆ ಅರ್ಜಿ ಬರೆದುಕೊಡು" ಅಂತ ಕೇಳಿ ನೋಡಿ. ಒಂದು ಪುಟ ಭಾರೀ ಭಾಷೆ ಬರುತ್ತೆ, ಅರ್ಧ ನಮಗೆ ಬೇಡದ್ದು. ಅದರ ಬದಲು ಹೀಗೆ ಕೇಳಿ: "ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ. ಶಾಲೆ ಮುಂದಿನ ಬೀದಿದೀಪ 10 ದಿನದಿಂದ ಉರಿಯುತ್ತಿಲ್ಲ. ಸಂಜೆ ಮಕ್ಕಳು ಓಡಾಡುವ ದಾರಿ. 8 ಸಾಲು, ಸರಳ ಕನ್ನಡ. ನಾನು ಹೇಳದ ವಿಷಯ ಸೇರಿಸಬೇಡ, ಹೆಸರು ತಾರೀಖಿಗೆ ಜಾಗ ಖಾಲಿ ಬಿಡು." ಯಾರಿಗೆ, ಏನು, ಎಷ್ಟು ಉದ್ದ, ಏನು ಬೇಡ ಎಲ್ಲಾ ಇದರಲ್ಲಿದೆ. ಹತ್ತು ಸಲ ಕೇಳುವುದು ಒಂದೇ ಸಲಕ್ಕೆ ಮುಗಿಯುತ್ತೆ.

ಹಾಲಿನ ಪುಸ್ತಕದ ಫೋಟೋ ಕೊಟ್ಟು ಕೂಡಿಸು ಅಂದ್ರೂ ಕೂಡಿಸುತ್ತದೆ. ಆದರೆ ಕೈಬರಹದ 1 ಅನ್ನು 7 ಎಂದು ಓದಿಬಿಡಬಹುದು. ಅದು ಓದಿದ ಅಂಕಿಗಳನ್ನು ಮೊದಲು ಸಾಲಾಗಿ ಬರೆಸಿ, ಪುಸ್ತಕದ ಜೊತೆ ತಾಳೆ ನೋಡಿ. ಬರೀ ಕೂಡುವುದೇ ಆದರೆ ಕ್ಯಾಲ್ಕುಲೇಟರ್ ಸಾಕಪ್ಪ.

ಓದಿಗೆ ಬಳಸುವವರು "ಉತ್ತರ ಹೇಳಬೇಡ, ನಾನು ಬಿಡಿಸಿದ ಲೆಕ್ಕದಲ್ಲಿ ಯಾವ ಹಂತ ತಪ್ಪಿದೆ ಅಷ್ಟೇ ಹೇಳು" ಎನ್ನಬೇಕು. ಉತ್ತರವನ್ನೇ ನಕಲು ಮಾಡಿದರೆ ಪರೀಕ್ಷೆಯ ದಿನ ಫೋನು ಪಕ್ಕದಲ್ಲಿ ಕೂತಿರುತ್ತಾ?

ಸುಮಾರು ಮನೆಗಳಲ್ಲಿ ಇರುವುದು ಒಂದೇ ಫೋನು, ಅದೂ ಸಂಜೆ ಅಪ್ಪ ಬಂದ ಮೇಲೆ ಸಿಗುವುದು. ಆದ್ದರಿಂದ ಹಗಲಲ್ಲೇ ಪ್ರಶ್ನೆಗಳನ್ನು ನೋಟ್‌ಬುಕ್ಕಲ್ಲಿ ಪೂರ್ತಿ ಬರೆದಿಡಿ. ಬರೆಯುವಾಗಲೇ ಅರ್ಧ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಓಟಿಪಿ ಇವನ್ನು ಅದಕ್ಕೆ ಕೊಡಲೇಬೇಡಿ. "ಪುಕ್ಕಟೆ ಸೇರಿ" ಎಂದು ಯುಪಿಐ ಕೇಳಿದರೆ ಮನೆಯ ದೊಡ್ಡವರಿಗೆ ತೋರಿಸದೆ ಒತ್ತಬೇಡಿ, ಅವಧಿ ಮುಗಿದ ಮೇಲೆ ದುಡ್ಡು ತಾನಾಗೇ ಕಡಿತ ಆಗಬಹುದು.